ಬೆಕ್ಕಿನ ಕಡೆಯವರು

ನಾಯಿಯನ್ನು ತರುತ್ತಾರೆ, ಹಸುವನ್ನು ಕೊಳ್ಳುತ್ತಾರೆ, ಬೆಕ್ಕು ತಾನಾಗಿ ಬರುತ್ತದೆ. ಇದು ನಮ್ಮ ಅತ್ತೆಯ ಸಿದ್ಧಾಂತ. ಸಾಗರದ ಕಡೆಯ ಅವರ ಹಳ್ಳಿಮನೆಯಲ್ಲಿ ಬೆಕ್ಕಿಲ್ಲದ ಕಾಲವೇ ಇರಲಿಲ್ಲವಂತೆ. ಆದರೆ ಒಂದು ಬೆಕ್ಕನ್ನಾದರೂ ಯಾರಾದರೂ ‘ಸಾಕಿದರು’ ಎಂಬುದಕ್ಕೆ ದಾಖಲೆಯಿಲ್ಲ. ಅಟ್ಟದಲ್ಲಿ ಅಡಕೆ ಮೂಟೆಗಳ ಸಂದಿಯಲ್ಲಿ ಹುಟ್ಟುತ್ತಿದ್ದವು. ತಾಯಿ ಬೆಕ್ಕು ಮರಿಗಳ ಕತ್ತು ಕಚ್ಚಿಕೊಂಡು ಅಟ್ಟದಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಸೌದೆಮನೆಗೆ, ಅಲ್ಲಿಂದ ಪಕ್ಕದ ಮನೆಯವರ ಬಚ್ಚಲಿಗೆ ಸಾಗಿಸುತ್ತಿತ್ತು. ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆ ಎಂದು ಊರಲ್ಲಿ ಹೇಳುವುದು ಇದನ್ನೇ. ಶ್ರೀವೈಷ್ಣವರಲ್ಲಿ ಒಂದು ಪಂಗಡದವರು ಇದನ್ನು ಮಾರ್ಜಾಲಕಿಶೋರ ನ್ಯಾಯ ಎಂದು ಕರೆದು, ದೇವರೂ ಭಕ್ತನನ್ನು ಹೀಗೆಯೇ ಹೊತ್ತೊಯ್ಯುತ್ತಾನೆ, ಭಕ್ತ ಮೈ ಸಡಿಲ ಬಿಟ್ಟರೆ ಸಾಕು ಎಂದರು. ಅದೆಲ್ಲ ಆಗದು, ಮಂಗನ ಮರಿ ತಾಯಿಯನ್ನು ಹಿಡಿದುಕೊಳ್ಳುವಂತೆ ಭಕ್ತನೇ ಗಟ್ಟಿಯಾಗಿ ಹಿಡಿದುಕೊಳ್ಳಬೇಕು ಎಂದವರು ಇನ್ನೊಂದು ಪಂಗಡ. ಅತ್ತೆ ಸ್ಮಾರ್ತರು. ಈ ತಕರಾರಿಗೆ ತಲೆಹಾಕದೆ, ತಾಯಿ ಓಡಾಡುವ ದಾರಿಯಲ್ಲಿ ಒಂದು ಕರಟದಲ್ಲಿ ಹಾಲನ್ನ ಕಲಸಿ ಇಡುತ್ತಿದ್ದರು, ಅಷ್ಟೆ.

ಅಂಥವರ ಮುಂದೆ ಮೊಮ್ಮಗಳು ಫೋನಿನಿಂದ ತಲೆಯೆತ್ತಿ, “ಅಜ್ಜಿ, ಬೆಕ್ಕಿನ ಮರಿ ಅಡಾಪ್ಟ್ ಮಾಡ್ಕೊಳಕ್ಕೆ ಫಾರಂ ತುಂಬಿದೀನಿ” ಎಂದಳು.

“ಬೆಕ್ಕಿಗೆ ಅರ್ಜಿ ಹಾಕ್ಬೇಕಾ?” ಎಂದರು ಅತ್ತೆ.

ಹಾಕಬೇಕಿತ್ತು. ಸ್ವಂತ ಮನೆಯೋ ಬಾಡಿಗೆಯೋ? ಬಾಡಿಗೆಯಾದರೆ ಓನರ್ ಒಪ್ಪಿದ್ದಾರೆಯೇ? ಮನೆಯಲ್ಲಿ ಎಷ್ಟು ಜನ, ಎಲ್ಲರಿಗೂ ಮನಸ್ಸಿದೆಯೇ, ಯಾರಿಗಾದರೂ ಅಲರ್ಜಿಯೇ? ಎಲ್ಲರೂ ಊರಿಗೆ ಹೊರಟರೆ ಬೆಕ್ಕನ್ನು ಯಾರು ನೋಡಿಕೊಳ್ಳುತ್ತಾರೆ? ಹತ್ತಿರದಲ್ಲಿ ಪಶುವೈದ್ಯರು ಯಾರಿದ್ದಾರೆ? ಮುಂದೆ ಮದುವೆಯಾಗಿ ಬೇರೆ ಊರಿಗೆ ಹೋದರೆ ಬೆಕ್ಕಿನ ಗತಿ ಏನು? ಇಷ್ಟಾದ ಮೇಲೆ ಆಧಾರ್ ಕಾರ್ಡಿನ ಪ್ರತಿ. ನಾನು ಈ ಮನೆಗೆ ಸೊಸೆಯಾಗಿ ಬರುವ ಮುಂಚೆ ನಮ್ಮಪ್ಪ ಇದರ ಕಾಲು ಭಾಗವನ್ನೂ ವಿಚಾರಿಸಿರಲಿಲ್ಲ. ಹುಡುಗನಿಗೆ ಕೆಲಸವಿದೆ, ತೋಟವಿದೆ ಎನ್ನುವಲ್ಲಿಗೆ ಮಾತುಕತೆ ಮುಗಿದಿತ್ತು.

ಅರ್ಜಿ ಸ್ವೀಕೃತವಾಯಿತು. ಇನ್ನು ಮನೆ ನೋಡುವ ಶಾಸ್ತ್ರ. ಭಾನುವಾರ ಬೆಳಿಗ್ಗೆ ಹೆಣ್ಣಿನ ಕಡೆಯವರು ಬಂದರು. ಕಡೆಯವರು ಎಂದರೆ ಬೆನ್ನಿಗೊಂದು ಚೀಲ ಹಾಕಿಕೊಂಡ ಒಬ್ಬಳೇ ಹುಡುಗಿ, ಮುಂಗೈ ತುಂಬ ಪರಚಿದ ಗೀರುಗಳು. ಎಲ್ಲೋ ಒಂದು ಕಂಪನಿಯಲ್ಲಿ ಕೆಲಸ, ಉಳಿದ ಹೊತ್ತೆಲ್ಲ ಬೀದಿ ಬೆಕ್ಕುಗಳ ಮರಿಗಳನ್ನು ಎತ್ತಿ ತಂದು, ಬದುಕಿಸಿ, ಮನೆ ಹುಡುಕಿ ಕೊಡುವುದು. ನಾನು ರೂಢಿಯ ಮೇಲೆ ಉಪ್ಪಿಟ್ಟು, ಕೇಸರಿಬಾತು ಮಾಡಿಟ್ಟಿದ್ದೆ. ಅವಳು ತಟ್ಟೆಯತ್ತ ನೋಡದೆ ಸೀದಾ ಬಾಲ್ಕನಿಗೆ ಹೋಗಿ ಅಲ್ಲಿ ಕಟ್ಟಿದ್ದ ನೈಲಾನ್ ಬಲೆಯನ್ನು ಹಿಡಿದು ಜಗ್ಗಿದಳು.

“ಆಂಟಿ, ಇದು ಪಾರಿವಾಳ ಒಳಗೆ ಬರದೇ ಇರೋ ಹಾಗೆ ಹಾಕಿರೋದು. ಬೆಕ್ಕು ಹೊರಗೆ ಹೋಗದೇ ಇರೋ ಹಾಗಲ್ಲ. ಹಲ್ಲಲ್ಲೇ ಕತ್ತರಿಸುತ್ತೆ.”

ನಮ್ಮ ಯಜಮಾನರಿಗೆ ಸುಮ್ಮನಿರಲಾಗಲಿಲ್ಲ. ಇಂಜಿನಿಯರು ಬೇರೆ. ಬೆಕ್ಕು ಎಷ್ಟೇ ಎತ್ತರದಿಂದ ಬಿದ್ದರೂ ಗಾಳಿಯಲ್ಲೇ ಮೈ ತಿರುಚಿ ಕಾಲ ಮೇಲೆ ನಿಲ್ಲುತ್ತದೆ, 1894ರಲ್ಲೇ ಫ್ರಾನ್ಸಿನಲ್ಲಿ ಮಾರೇ ಎಂಬಾತ ಬೀಳುವ ಬೆಕ್ಕಿನ ಸರಣಿ ಫೋಟೋ ತೆಗೆದು ತೋರಿಸಿದ್ದಾನೆ ಎಂದು ಶುರುಮಾಡಿದರು. ಹುಡುಗಿ ತಾಳ್ಮೆಯಿಂದ ಕೇಳಿಸಿಕೊಂಡಳು. “ನಿಲ್ಲುತ್ತೆ ಅಂಕಲ್. ಆಮೇಲೆ ಕಾಲು ಮುರಿದಿರುತ್ತೆ, ದವಡೆ ಒಡೆದಿರುತ್ತೆ, ಎದೆಯೊಳಗೆ ಪೆಟ್ಟಾಗಿರುತ್ತೆ.” ಇವರು ಬಿಡಲಿಲ್ಲ, ಫೋನ್ ತೆರೆದರು. 1987ರಲ್ಲಿ ಪ್ರಕಟವಾದ ನ್ಯೂಯಾರ್ಕಿನ ಒಂದು ಅಧ್ಯಯನ. ಮಹಡಿಗಳಿಂದ ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳಲ್ಲಿ, ಚಿಕಿತ್ಸೆ ಸಿಕ್ಕವುಗಳ ಪೈಕಿ ನೂರಕ್ಕೆ 90 ಬದುಕಿಕೊಂಡವು.

“ಬಿದ್ದ ಜಾಗದಲ್ಲೇ ಸತ್ತಿದ್ದನ್ನ ಯಾರಾದ್ರೂ ಆಸ್ಪತ್ರೆಗೆ ತರ್ತಾರಾ ಅಂಕಲ್?”

ಇವರು ಫೋನನ್ನು ಜೇಬಿಗೆ ಹಾಕಿಕೊಂಡರು. ಮರುದಿನ ಸ್ಟೀಲ್ ಜಾಲರಿಯವನು ಬಂದು ಅಳತೆ ತೆಗೆದುಕೊಂಡು ಹೋದ.

ಆದರೆ ಜಾಲರಿ ಬರೀ ಪೀಠಿಕೆ. ಹುಡುಗಿ ಹಾಲ್‌ನಲ್ಲಿ ಮಂಡಿಯೂರಿ, ನೆಲದಿಂದ ಒಂದು ಗೇಣು ಎತ್ತರಕ್ಕೆ ತಲೆ ತಗ್ಗಿಸಿ ನಮ್ಮ ಮನೆಯನ್ನು ನೋಡತೊಡಗಿದಳು. ಇಷ್ಟು ವರ್ಷ ಬಾಳಿದ ಮನೆ ಇಷ್ಟು ಅಪಾಯಕಾರಿ ಎಂದು ನನಗೆ ಅವತ್ತೇ ತಿಳಿದದ್ದು. ಹೊಲಿಗೆ ಡಬ್ಬ ಮುಚ್ಚಿಲ್ಲ. ಬೆಕ್ಕಿನ ನಾಲಗೆಯ ಮೇಲೆ ಹಿಂದಕ್ಕೆ ಬಾಗಿದ ಮುಳ್ಳುಗಳಿವೆ, ದಾರ ಒಮ್ಮೆ ಬಾಯಿಗೆ ಹೋಯಿತೋ ಅದಕ್ಕೆ ಉಗುಳಲು ಬರುವುದಿಲ್ಲ. ಒಳಗಿಳಿದ ದಾರ ಕರುಳನ್ನೇ ನಿರಿಗೆ ಹಿಡಿದು ಕೊಯ್ಯುತ್ತದೆ. ಮಗಳ ತಲೆಕೂದಲಿನ ರಬ್ಬರ್ ಬ್ಯಾಂಡಿಗೂ ಇದೇ ನಿಯಮ. ನೆಲ ಒರೆಸುವ ಫಿನಾಯಿಲ್ ಪಾದಕ್ಕೆ ಮೆತ್ತುತ್ತದೆ, ಬೆಕ್ಕು ಪಾದ ನೆಕ್ಕುತ್ತದೆ. ಜ್ವರಕ್ಕೆ ನಾವು ಲೆಕ್ಕವಿಲ್ಲದೆ ನುಂಗುವ ಪ್ಯಾರಾಸಿಟಮಾಲ್ ಎಲ್ಲಕ್ಕಿಂತ ಘೋರ. ಬೆಕ್ಕಿನ ಪಿತ್ತಜನಕಾಂಗದಲ್ಲಿ ಅದನ್ನು ಕರಗಿಸಿ ಹೊರಹಾಕುವ ಕಿಣ್ವ ಸಾಲದು. ಒಂದು ಮಾತ್ರೆ ಸಾಕು, ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿಯೇ ಹೋಗುತ್ತದೆ. ಮರಿಗೆ ಮೈ ಬಿಸಿಯಿದೆ ಎಂದು ಮಕ್ಕಳ ಸಿರಪ್ಪಿನ ಎರಡು ಹನಿ ಹಾಕುವ ಕರುಣಾಳುಗಳೇ ಹೆಚ್ಚು ಬೆಕ್ಕುಗಳನ್ನು ಕೊಲ್ಲುತ್ತಾರೆ ಎಂದು ಹುಡುಗಿ ಹೇಳುವಾಗ ಅವಳ ದನಿ ಗಡುಸಾಯಿತು. ಬೊಕೆಗಳಲ್ಲಿ ಬರುವ ದೊಡ್ಡ ಲಿಲ್ಲಿ ಹೂವು ಮನೆಯೊಳಗೆ ಬರಕೂಡದು, ಅದರ ಪರಾಗ ಮೈಗಂಟಿ ನೆಕ್ಕಿಕೊಂಡರೂ ಮೂತ್ರಪಿಂಡ ಕೈಕೊಡುತ್ತದೆ. ನುಸಿಗುಳಿಗೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಯಾವುದನ್ನೂ ತಿನ್ನಿಸಬಾರದು. ವಾಷಿಂಗ್ ಮಷೀನ್ ಬಾಗಿಲು ಹಾಕುವ ಮುಂಚೆ ಒಳಗೆ ಕೈಯಾಡಿಸಿ ನೋಡಬೇಕು. ಕೆಳಗೆ ಕಾರು ಚಾಲೂ ಮಾಡುವ ಮುಂಚೆ ಬಾನೆಟ್ಟಿಗೆ ಎರಡು ಏಟು ಬಡಿಯಬೇಕು, ಅಲ್ಲಿ ಬೆಚ್ಚಗೆ ಮಲಗಿರುವುದು ನಮ್ಮ ಬೆಕ್ಕಲ್ಲದಿದ್ದರೂ ಸರಿ.

ಅತ್ತೆ ಇದೆಲ್ಲವನ್ನೂ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದರು. ಹುಡುಗಿ ಅವರ ಕಡೆ ತಿರುಗಿ, ಬಹಳ ಮೆತ್ತಗೆ, “ಅಜ್ಜಿ, ಹಾಲು ಹಾಕಲ್ಲ ತಾನೇ?” ಎಂದಳು.

ಸಂಬಂಧ ಮುರಿದು ಬೀಳುವ ಲಕ್ಷಣ ಕಾಣಿಸಿದ್ದು ಆಗಲೇ.

“ಬೆಕ್ಕಿಗೆ ಹಾಲು ಹಾಕದೆ ಇನ್ನೇನು ಕಾಫಿ ಹಾಕ್ಬೇಕಾ ಮಾರಾಯ್ತಿ?”

“ಹಸುವಿನ ಹಾಲು ಅದಕ್ಕೆ ಜೀರ್ಣ ಆಗಲ್ಲ ಅಜ್ಜಿ, ಭೇದಿ ಆಗುತ್ತೆ. ಮರಿಗಳು ಅದರಲ್ಲೇ ಒಣಗಿ ಸತ್ತುಹೋಗ್ತವೆ.”

“ಹಂಗಾದ್ರೆ ಇಷ್ಟು ವರ್ಷ ನಮ್ಮನೆ ಹಾಲು ಕದ್ದು ಕುಡಿದಿದ್ದು ಯಾರು?”

ನ್ಯಾಯವಾದ ಪ್ರಶ್ನೆ. ಹಾಲಿನ ಕೊಬ್ಬಿನ ಮೇಲೆ ಬೆಕ್ಕಿಗೆ ಆಸೆ ಇರುವುದು ನಿಜ. ತಾಯಿಯ ಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಅದರ ಹೊಟ್ಟೆಯಲ್ಲಿ ಕಡಿಮೆಯಾಗುತ್ತಾ ಹೋಗುವುದೂ ಅಷ್ಟೇ ನಿಜ. ನಾಲಗೆಗೆ ಬೇಕು, ಹೊಟ್ಟೆಗೆ ಬೇಡ. ನಮ್ಮ ಮನೆಯ ಗಂಡಸರಿಗೆ ಹಲಸಿನ ಹಣ್ಣಿನ ವಿಷಯದಲ್ಲಿ ಇದೇ ಸ್ಥಿತಿಯಿದ್ದುದರಿಂದ ಅತ್ತೆಗೆ ವಿಷಯ ಬೇಗ ಅರ್ಥವಾಯಿತು. ತೆನಾಲಿ ರಾಮ ತನ್ನ ಬೆಕ್ಕಿಗೆ ಬಿಸಿ ಹಾಲಿಟ್ಟು, ಅದು ಹಾಲು ಕಂಡರೆ ಓಡುವಂತೆ ಮಾಡಿದ ಕತೆಯನ್ನು ನಾವೆಲ್ಲ ಅವನ ಜಿಪುಣತನಕ್ಕೆ ನಕ್ಕು ಕೇಳಿದ್ದೇವೆ. ಆಸ್ಥಾನದ ಬೆಕ್ಕುಗಳಲ್ಲೆಲ್ಲ ಹೊಟ್ಟೆ ಸರಿಯಿದ್ದದ್ದು ಬಹುಶಃ ಅವನದೊಂದೇ.

ಈಗ ಕೇಳುವ ಸರದಿ ನಮ್ಮದು. ನಾವೂ ಸುಮ್ಮನೆ ಒಪ್ಪಿಕೊಳ್ಳುವವರಲ್ಲ. ಮರಿಗೆ ಎಷ್ಟು ವಯಸ್ಸು? 10 ವಾರ. ಕಣ್ಣು ಬಿಟ್ಟೊಡನೆ ಎತ್ತಿಕೊಂಡು ಬರುವುದು ತಪ್ಪು, ಕನಿಷ್ಠ 8 ವಾರ ತಾಯಿಯ ಹತ್ತಿರ ಇರಬೇಕು. ಮನುಷ್ಯರನ್ನು ಕಂಡು ಹೆದರದಿರುವುದನ್ನು ಮರಿ ಕಲಿಯುವುದು ಎರಡರಿಂದ ಏಳನೆಯ ವಾರದೊಳಗೆ. ಎಷ್ಟು ಜೋರಾಗಿ ಕಚ್ಚಿದರೆ ಎದುರಿನವರಿಗೆ ನೋವಾಗುತ್ತದೆ ಎಂಬುದನ್ನು ಒಡಹುಟ್ಟಿದವು ತಿರುಗಿ ಕಚ್ಚಿ ಕಲಿಸುತ್ತವೆ. ಕಣ್ಣಲ್ಲಿ ಪಿಸುರಿಲ್ಲ, ಕಿವಿಯಲ್ಲಿ ಕಪ್ಪು ಕಸವಿಲ್ಲ, ಬಾಲದ ಕೆಳಗೆ ಗಲೀಜಿಲ್ಲ ಎಂಬುದನ್ನು ವಿಡಿಯೋದಲ್ಲಿ ತೋರಿಸಿದಳು. ಆಮೇಲೆ ಜಾತಕ. ಸಣ್ಣ ಪುಸ್ತಕ, ಅದರಲ್ಲಿ ಜಂತುಹುಳುವಿನ ಔಷಧಿ ಕುಡಿಸಿದ ತಾರೀಕುಗಳು, ಬೆಕ್ಕಿನ ಶೀತಜ್ವರ ಮತ್ತು ಪ್ಯಾನ್‌ಲ್ಯೂಕೊಪೀನಿಯ ಎಂಬ ಮಾರಿಗೆ ಹಾಕಿಸಿದ ಮೊದಲ ಲಸಿಕೆ. ಮೂರ್ನಾಲ್ಕು ವಾರಕ್ಕೊಮ್ಮೆ ಅದನ್ನೇ, 16 ವಾರ ತುಂಬುವ ತನಕ. 3 ತಿಂಗಳಾದ ಮೇಲೆ ರೇಬಿಸ್ ಲಸಿಕೆ. ಅಷ್ಟರೊಳಗೆ ಕಚ್ಚಿ, ಪರಚಿ ರಕ್ತ ಬಂದರೆ ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಬೇಕು, ಅರಿಸಿನ ಮೆತ್ತಿಕೊಂಡು ಕೂರಬಾರದು. ಇದನ್ನು ಅವಳು ಅತ್ತೆಯನ್ನು ನೋಡಿಕೊಂಡೇ ಹೇಳಿದಳು.

“ಹೆಣ್ಣೋ ಗಂಡೋ?” ಎಂದು ಇವರು ಕೇಳಿದರು.

“ಮೂರು ಬಣ್ಣ ಇದೆಯಲ್ಲ ಅಂಕಲ್, ಹೆಣ್ಣೇ.”

ಇದು ಊರಿನ ನಂಬಿಕೆಯಲ್ಲ, ಶುದ್ಧ ವಿಜ್ಞಾನ. ಕಿತ್ತಳೆ ಬಣ್ಣದ ವಂಶವಾಹಿ ಕೂತಿರುವುದು ಎಕ್ಸ್ ವರ್ಣತಂತುವಿನ ಮೇಲೆ. ಮೈಮೇಲೆ ಕಪ್ಪೂ ಕಿತ್ತಳೆಯೂ ಒಟ್ಟಿಗೆ ಬರಬೇಕಾದರೆ ಎರಡು ಎಕ್ಸ್ ಬೇಕು, ಅದು ಇರುವುದು ಹೆಣ್ಣಿನಲ್ಲಿ. ಅಪರೂಪಕ್ಕೆ ಮೂರು ಬಣ್ಣದ ಗಂಡು ಹುಟ್ಟಿದರೂ ಅದಕ್ಕೆ ಸಾಮಾನ್ಯವಾಗಿ ಒಂದು ಎಕ್ಸ್ ಹೆಚ್ಚಿಗೆ ಬಂದಿರುತ್ತದೆ, ಮಕ್ಕಳಾಗುವುದಿಲ್ಲ. ಈ ವಂಶವಾಹಿ ಯಾವುದು ಎಂದು ಜಪಾನಿನ ಕ್ಯುಶು ಮತ್ತು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳವರು ಖಚಿತಪಡಿಸಿ ಪ್ರಕಟಿಸಿದ್ದು ತೀರ ಈಚೆಗೆ, 2025ರಲ್ಲಿ.

ಇನ್ನೊಂದು ಕರಾರು ಉಳಿದಿತ್ತು. ಆರು ತಿಂಗಳೊಳಗೆ ಮರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುತ್ತೇವೆ ಎಂದು ಸಹಿ ಹಾಕಬೇಕು. ಅತ್ತೆ ಒಪ್ಪುವುದಿಲ್ಲ ಎಂದು ನಾನು ಲೆಕ್ಕ ಹಾಕಿದ್ದೆ. ಹುಡುಗಿ ವಿವರಿಸಿದಳು. ಹೆಣ್ಣು ಬೆಕ್ಕು ನಾಲ್ಕು ತಿಂಗಳಿಗೇ ಬಸಿರಾಗಬಲ್ಲದು, ಬಸಿರು ಒಂಬತ್ತು ವಾರ, ವರ್ಷಕ್ಕೆ ಎರಡು ಮೂರು ಸೂಲು. ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಎಲ್ಲಾ ಮರಿಯೂ ಮನೇಲೇ ಉಳೀತಿರ್ಲಿಲ್ಲ. ಗೋಣಿಚೀಲದಲ್ಲಿ ಹಾಕಿ ಹೊಳೆಯಾಚೆ ಬಿಟ್ಟು ಬರ್ತಿದ್ರು, ಪೇಟೆ ಬಸ್ ಸ್ಟ್ಯಾಂಡಲ್ಲಿ ಬಿಡ್ತಿದ್ರು. ತಾಯಿ ಮೂರು ದಿನ ಅಟ್ಟ ಹತ್ತಿ ಇಳಿದು ಕೂಗ್ತಿತ್ತು. ಸಹಿ ಹಾಕು” ಎಂದರು.

ಆ ಮಾತು ಕೇಳಿದ ಮೇಲೆ ಆ ಅರ್ಜಿ, ಆಧಾರ್ ಕಾರ್ಡು, ಬಲೆ ಜಗ್ಗುವುದು ಯಾವುದೂ ನನಗೆ ಅತಿ ಎನ್ನಿಸಲಿಲ್ಲ. ನಮ್ಮ ಹಳ್ಳಿಗಳ ಬೆಕ್ಕುಗಳಿಗೆ ಮನೆಯಿತ್ತು, ಹಾಲನ್ನವಿತ್ತು, ಬೇಕಾದಷ್ಟು ಇಲಿಗಳಿದ್ದವು. ಅವುಗಳ ಪರವಾಗಿ ನಿಂತು ನಾಲ್ಕು ಮಾತು ಕೇಳುವ ಕಡೆಯವರು ಮಾತ್ರ ಇರಲಿಲ್ಲ. ಈಗ ಇದ್ದಾರೆ. ಸ್ವಲ್ಪ ಕಾಟ ಕೊಡುತ್ತಾರೆ, ಕೊಡಲಿ.

ಮರಿ ಬಂತು. ಬಾಯಿ ಕಟ್ಟಿದ ಗೋಣಿಚೀಲದಲ್ಲಿ ತರಬೇಕು, ಇಲ್ಲದಿದ್ದರೆ ದಾರಿ ನೋಡಿಕೊಂಡು ವಾಪಸು ಹೋಗುತ್ತದೆ ಎಂಬ ಅತ್ತೆಯ ಸಲಹೆಯನ್ನು ಬದಿಗಿಟ್ಟು, ಗಾಳಿಯಾಡುವ ಪ್ಲಾಸ್ಟಿಕ್ ಬುಟ್ಟಿಯಲ್ಲೇ ತಂದೆವು. ಮೊದಲ ವಾರ ಒಂದೇ ಕೋಣೆಯಲ್ಲಿ ಇಡಿ, ಇಡೀ ಮನೆ ಒಟ್ಟಿಗೆ ತೋರಿಸಿದರೆ ಹೆದರುತ್ತದೆ ಎಂದು ಹುಡುಗಿ ಹೇಳಿದ್ದಳು. “ನಾವೂ ಉಗ್ರಾಣದಲ್ಲಿ ಕೂಡಿಹಾಕ್ತಿದ್ವಲ್ಲ, ಇದನ್ನೇನು ಅಮೆರಿಕದಿಂದ ಕಲಿತು ಬಂದ್ಲಾ?” ಎಂದರು ಅತ್ತೆ. ಕೋಣೆ ಅವರದೇ ಆಯಿತು. ಮರಿ ಬೀರುವಿನ ಹಿಂದೆ ಸೇರಿಕೊಂಡಿತು. ಮಗಳು ನೆಲದ ಮೇಲೆ ಅಂಗಾತ ಮಲಗಿ ಅದನ್ನು ಕರೆದಳು, ಬೇಡಿಕೊಂಡಳು, ಮೀನಿನ ವಾಸನೆಯ ಬಿಸ್ಕತ್ತು ತೋರಿಸಿದಳು. ಅತ್ತೆ ಅದರ ಕಡೆ ತಿರುಗಿಯೂ ನೋಡದೆ ಮಂಚದ ಮೇಲೆ ಕಾಲು ಚಾಚಿ ಹೂಬತ್ತಿ ಹೊಸೆಯುತ್ತಾ ಕೂತರು. ಎರಡನೆಯ ದಿನ ಸಂಜೆಗೆ ಮರಿ ಅವರ ಸೀರೆಯ ಅಂಚಿನ ಮೇಲೆ ಕೂತಿತ್ತು. ತನ್ನನ್ನು ಗಮನಿಸದವರನ್ನೇ ಬೆಕ್ಕು ಮೊದಲು ಆರಿಸಿಕೊಳ್ಳುತ್ತದೆ. ಹತ್ತಿಯ ಡಬ್ಬಕ್ಕೆ ಅವತ್ತಿನಿಂದ ಮುಚ್ಚಳ ಬಂತು.

ಕೋಣೆಯ ಮೂಲೆಯಲ್ಲಿ ಒಂದು ಟ್ರೇ, ಅದರಲ್ಲಿ ಬೆಕ್ಕಿಗೆಂದೇ ಬರುವ ಮಣ್ಣು. ಮನೆ ಬಾಗಿಲಿಗೆ ಬಂದ ಚೀಲದ ಮೇಲಿನ ಬೆಲೆ ಓದಿ ಅತ್ತೆ ನನ್ನನ್ನು ಒಳಗೆ ಕರೆದರು. “ನಿಜ ಹೇಳು. ದುಡ್ಡು ಕೊಟ್ಟು ಮಣ್ಣು ತರಿಸ್ತಿದ್ದೀರಾ?” ಬೆಂಗಳೂರಿನಲ್ಲಿ ನೀರಿಗೆ ದುಡ್ಡು ಕೊಡುವುದನ್ನು ಅವರು ಹೇಗೋ ಅರಗಿಸಿಕೊಂಡಿದ್ದರು, ಇದು ಆಗಲಿಲ್ಲ. ಊರಿಗೆ ಫೋನ್ ಮಾಡಿದಾಗಲೆಲ್ಲ ಈಗಲೂ ಈ ಸುದ್ದಿ ಹೋಗುತ್ತದೆ.

ಅವರು ಮಣ್ಣಿನ ಸೇಡನ್ನು ಗಿಡದಲ್ಲಿ ತೀರಿಸಿಕೊಂಡರು. ಬೆಕ್ಕಿಗೆ ಮತ್ತು ಬರಿಸುವ ಕ್ಯಾಟ್‌ನಿಪ್ ಎಂಬ ಸೊಪ್ಪಿನ ಪುಡಿಯನ್ನು ಮಗಳು ಒಳ್ಳೆಯ ಬೆಲೆಗೆ ತರಿಸಿದ್ದಳು. ಮರಿ ಮೂಸಿ ಆ ಕಡೆ ಹೋಯಿತು. ದೊಡ್ಡದಾದ ಮೇಲೆ ಮತ್ತೆ ಕೊಟ್ಟು ನೋಡಿದರೂ ಅಷ್ಟಕ್ಕಷ್ಟೆ. ಅತ್ತೆ ಒಂದು ಬೆಳಿಗ್ಗೆ ಕೆಳಗಿಳಿದು ಅಪಾರ್ಟ್‌ಮೆಂಟಿನ ಕಾಂಪೌಂಡ್ ಬುಡದಿಂದ ಕುಪ್ಪಿಗಿಡವೊಂದನ್ನು ಬೇರು ಸಮೇತ ಕಿತ್ತು ತಂದು ನೆಲದ ಮೇಲಿಟ್ಟರು. ಗೋಡೆಯ ಸಂದಿಯಲ್ಲೆಲ್ಲ ಕೇಳದೆ ಬೆಳೆಯುವ ಕಳೆ ಅದು. ಹಸಿ ಬೇರಿನ ವಾಸನೆ ಬಡಿದದ್ದೇ ತಡ, ನಮ್ಮ ಗಂಭೀರ ಬೆಕ್ಕು ಅದಕ್ಕೆ ಕೆನ್ನೆ ಉಜ್ಜಿತು, ಜೊಲ್ಲು ಸುರಿಸಿತು, ಅದರ ಮೇಲೆ ಹೊರಳಾಡಿ ನಾಲ್ಕೂ ಕಾಲು ಮೇಲೆ ಮಾಡಿ ಮಲಗಿತು. “ಬಿಟ್ಟಿ” ಎಂದಷ್ಟೇ ಹೇಳಿ ಅತ್ತೆ ಕೈ ತೊಳೆಯಲು ಹೋದರು.

ಮಗಳು ಅದಕ್ಕೆ ಲೂನಾ ಎಂದು ಹೆಸರಿಟ್ಟಿದ್ದಳು. ಅತ್ತೆಯ ಬಾಯಲ್ಲಿ ಅದು ಪುಟ್ಟಿ. ಬೆಕ್ಕುಗಳಿಗೆ ತಮ್ಮ ಹೆಸರು ಬೇರೆ ಮಾತುಗಳ ನಡುವೆಯೂ ಗುರುತು ಸಿಗುತ್ತದೆ ಎಂದು ಜಪಾನಿನ ಸಂಶೋಧಕರು 2019ರಲ್ಲಿ ತೋರಿಸಿಕೊಟ್ಟಿದ್ದಾರೆ. ಬರುತ್ತವೆ ಎಂದೇನೂ ಅವರು ಹೇಳಿಲ್ಲ. ಪುಟ್ಟೀ ಎಂದರೆ ಒಂದು ಕಿವಿ ಮಾತ್ರ ನಮ್ಮತ್ತ ತಿರುಗುತ್ತದೆ. ಮಗಳನ್ನು ಊಟಕ್ಕೆ ಕರೆದಾಗ ಅಷ್ಟೂ ಆಗುವುದಿಲ್ಲವಾದ್ದರಿಂದ ನಾನು ಬೆಕ್ಕನ್ನು ದೂರುವುದಿಲ್ಲ. ಬೆಕ್ಕಿನ ಕಣ್ಣನ್ನು ನೋಡುತ್ತಾ ನಿಧಾನವಾಗಿ ರೆಪ್ಪೆ ಮುಚ್ಚಿ ತೆರೆದರೆ ಅದು ಸ್ನೇಹದ ಗುರುತೆಂದು ತಿಳಿದು ತಾನೂ ಹಾಗೆಯೇ ಮಾಡುತ್ತದೆ. ಇದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಕಂಡುಕೊಂಡದ್ದು. ಮಗಳು ಇದನ್ನು ಓದಿ ದಿನವೂ ಅಭ್ಯಾಸ ಮಾಡುತ್ತಾಳೆ, ಪುಟ್ಟಿ ಎದ್ದು ಹೋಗುತ್ತದೆ. ಅತ್ತೆ ಊಟವಾದ ಮೇಲೆ ಕುರ್ಚಿಯಲ್ಲಿ ಕೂತು ತೂಕಡಿಸುತ್ತಾರೆ. ಎದುರಿಗೆ ಪುಟ್ಟಿ ಕೂತು ಪ್ರತಿ ರೆಪ್ಪೆಗೂ ರೆಪ್ಪೆ ಹಾಕಿ ಉತ್ತರ ಕೊಡುತ್ತದೆ. ಈ ಸಂಭಾಷಣೆ ನಾಲ್ಕು ಗಂಟೆಯ ಕಾಫಿಯ ತನಕ ನಡೆಯುತ್ತದೆ.

ಅಡುಗೆಮನೆಯಲ್ಲೂ ಅದರ ದಾರಿಯೇ ಬೇರೆ. ಬೆಕ್ಕಿನ ನಾಲಗೆಗೆ ಸಿಹಿಯೆಂಬುದೇ ಗೊತ್ತಾಗುವುದಿಲ್ಲ, ಸಿಹಿ ಗುರುತಿಸುವ ವಂಶವಾಹಿಯೊಂದು ಅದರಲ್ಲಿ ಕೆಟ್ಟು ನಿಂತಿದೆ. ಹಾಗಾಗಿ ದೀಪಾವಳಿಯ ಮೈಸೂರು ಪಾಕು ಕ್ಷೇಮ ಎಂದುಕೊಂಡೆವು. ಪುಟ್ಟಿ ತುಂಡುಗಳ ಮೇಲಿನ ತುಪ್ಪವನ್ನಷ್ಟೇ ನೆಕ್ಕಿ, ಪಾಕವನ್ನು ನಮಗೆ ಬಿಟ್ಟಿತ್ತು.

ಮಾವನವರ ತಿಥಿ ಬಂತು. ಹಿಂದೆ ಒಂದು ಮನೆಯಲ್ಲಿ ಶ್ರಾದ್ಧದ ದಿನ ಬೆಕ್ಕು ಎಡೆಗೆ ಬಾಯಿ ಹಾಕೀತೆಂದು ಅದನ್ನು ಬುಟ್ಟಿಯಡಿ ಮುಚ್ಚಿಟ್ಟರಂತೆ. ಅವರ ಮಕ್ಕಳ ಕಾಲಕ್ಕೆ ಮನೆಯಲ್ಲಿ ಬೆಕ್ಕಿಲ್ಲದೆ, ಶಾಸ್ತ್ರ ಕೆಡಬಾರದೆಂದು ಪಕ್ಕದ ಮನೆಯಿಂದ ಬೆಕ್ಕು ತಂದು ಮುಚ್ಚಿಟ್ಟರಂತೆ. ಮೂಢನಂಬಿಕೆ ಎಂದರೇನು ಎಂದು ಹೇಳಿಕೊಡಲು ನಮ್ಮಲ್ಲಿ ಎಲ್ಲರೂ ಎತ್ತಿಕೊಳ್ಳುವ ಕತೆಯಿದು. ನಮ್ಮ ಮನೆಯಲ್ಲಿ ಪುರೋಹಿತರು ಒಳಗೆ ಕಾಲಿಟ್ಟವರೇ ಸಂಕಲ್ಪಕ್ಕೂ ಮುಂಚೆ, “ಅಮ್ಮಾ, ಆ ಬೆಕ್ಕನ್ನ ಎಲ್ಲಾದ್ರೂ ಹಾಕಿ” ಎಂದರು. ಮುಚ್ಚಿಡುವಂಥ ಬುಟ್ಟಿ ಇರಲಿಲ್ಲ, ಪುಟ್ಟಿಯನ್ನು ತಂದಿದ್ದ ಪ್ಲಾಸ್ಟಿಕ್ ಬುಟ್ಟಿಯಲ್ಲೇ ಕೂಡಿಹಾಕಿದೆವು. ಎಲ್ಲವನ್ನೂ ಫೋನಿನಲ್ಲಿ ಚಿತ್ರೀಕರಿಸುತ್ತಿದ್ದ ಮೈದುನನ ಮಗ, ಅಮೆರಿಕದಲ್ಲಿ ಬೆಳೆದವನು, ಬುಟ್ಟಿಯನ್ನೂ ಚಿತ್ರಿಸಿಕೊಂಡು, ಬೆಕ್ಕಿನ ಮುಖ ಯಾವ ದಿಕ್ಕಿಗಿರಬೇಕು ಎಂದು ಕೇಳಿದ. ಅತ್ತೆ ಒಂದು ಕ್ಷಣವೂ ತಡೆಯದೆ, “ಅಡುಗೆಮನೆ ಕಡೆ” ಎಂದರು.

ಇನ್ನು ಬೆಕ್ಕು ಅಡ್ಡ ಬರುವ ವಿಷಯ. ಹೊರಟಾಗ ಬೆಕ್ಕು ಅಡ್ಡ ಬಂದರೆ ಒಂದು ಗಳಿಗೆ ಕೂತು, ನೀರು ಕುಡಿದು ಹೊರಡಬೇಕೆಂಬ ನಿಯಮವನ್ನು ಬೆಕ್ಕಿರುವ ಮನೆಯವರು ಪಾಲಿಸಿದರೆ ಹಾಲಿನ ಪ್ಯಾಕೆಟ್ಟು ತರಲು ಬಾಗಿಲ ತನಕವೂ ಹೋಗಲಾಗದು. ಮಂಡ್ಯ ಜಿಲ್ಲೆಯ ಬೆಕ್ಕಳಲೆಯಲ್ಲಿ ಬೆಕ್ಕನ್ನು ಮಂಗಮ್ಮ ದೇವಿಯೆಂದೇ ಪೂಜಿಸುತ್ತಾರೆ. ಷಷ್ಠೀದೇವಿಗೆ ಬೆಕ್ಕೇ ವಾಹನ. ಇಷ್ಟಿದ್ದೂ ಈ ಅಪಶಕುನದ ಮಾತಿಗೆ ಬಲಿಯಾಗುವುದು ಮುಖ್ಯವಾಗಿ ಕರಿಯ ಮರಿಗಳು. ಮೂರು ಬಣ್ಣದ್ದಕ್ಕೆ, ಬೂದಿ ಬಣ್ಣದ್ದಕ್ಕೆ, ಅರಿಸಿನ ಬಣ್ಣದ್ದಕ್ಕೆ ಅರ್ಜಿಗಳು ಸಾಲುಗಟ್ಟುತ್ತವೆ, ಕಪ್ಪನ್ನು ಯಾರೂ ಕೇಳುವುದಿಲ್ಲ ಎಂದು ಆ ಹುಡುಗಿ ಮೊನ್ನೆ ಫೋನಿನಲ್ಲಿ ಹೇಳಿದಳು. ನಮ್ಮ ಪುಟ್ಟಿಯ ಜೊತೆ ಹುಟ್ಟಿದ ಕರಿಯ ಗಂಡು ಇನ್ನೂ ಅವಳ ಮನೆಯಲ್ಲೇ ಇತ್ತಂತೆ. ಅತ್ತೆ ಅದನ್ನೂ ತರಿಸಿದರು, ಈ ಸಲ ಅರ್ಜಿಗೆ ತಾವೇ ಸಹಿ ಹಾಕಿ.

ಬೇಸಿಗೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ಊರ ತುಂಬ ಮರಿಗಳಿರುತ್ತವೆ. ತರುವ ಮನಸ್ಸಿದ್ದರೆ ಮೊದಲು ಜಾಲರಿ ಹಾಕಿಸಿ, ಮಾತ್ರೆ ಡಬ್ಬ ಬೀರುವಿಗೆ ಸೇರಿಸಿ, ಹಾಲಿನ ಬಟ್ಟಲು ಎತ್ತಿಡಿ. ಆಮೇಲೆ ಹೋಗಿ, ಕಪ್ಪು ಮರಿ ಇದೆಯೇ ಎಂದು ಕೇಳಿ.